ಗುರುವಾರದ ಹಬ್ಬ, ಶುಕ್ರವಾರದ ಊಟ

ನವೆಂಬರ್ ತಿಂಗಳೆಂದರೆ ನಮ್ಮಂಥ ಹೊರನಾಡ ಕನ್ನಡಿಗರಿಗೆ ರಾಜ್ಯೋತ್ಸವದ ತಿಂಗಳು. ಒಂದನೇ ತಾರೀಖಿಗೆ ಸಭಾಗೃಹ ಸಿಗದಿದ್ದರೆ ಎರಡನೇ ಭಾನುವಾರ, ಅದೂ ತಪ್ಪಿದರೆ ಮೂರನೆಯದು. ಹೀಗೆ ತಿಂಗಳಿಡೀ ಎಲ್ಲಾದರೂ ಒಂದು ಕಡೆ ನಾಡಗೀತೆ ಕೇಳುತ್ತಲೇ ಇರುತ್ತದೆ. ಅದೇ ತಿಂಗಳ ಕೊನೆಯ ವಾರ ನಿಮ್ಮಲ್ಲಿ ಅನೇಕರ ಮೊಬೈಲಿಗೆ ಅಮೆರಿಕದಲ್ಲಿರುವ ದೊಡ್ಡಪ್ಪನ ಮಗನದೋ ಚಿಕ್ಕಮ್ಮನ ಮಗಳದೋ ಒಂದು ಫೋಟೋ ಬರುತ್ತದೆ. ಉದ್ದನೆಯ ಮೇಜು, ನಡುವೆ ಹೊಂಬಣ್ಣಕ್ಕೆ ಬೆಂದ ದೊಡ್ಡ ಹಕ್ಕಿ, ಅದಕ್ಕೆ ಸ್ವಲ್ಪ ದೂರದಲ್ಲಿ ಸ್ಟೀಲಿನ ಪಾತ್ರೆಯಲ್ಲಿ ಬಿಸಿಬೇಳೆಭಾತ್, ಸುತ್ತ ನಗುತ್ತಾ ನಿಂತ ನಿಮ್ಮದೇ ಬಂಧುಬಳಗ. ಕೆಳಗೆ ‘ಹ್ಯಾಪಿ ಥ್ಯಾಂಕ್ಸ್‌ಗಿವಿಂಗ್’ ಎಂಬ ಒಕ್ಕಣೆ. ಮನೆಯ ಹಿರಿಯರು ಕನ್ನಡಕ ಸರಿಮಾಡಿಕೊಂಡು ನೋಡಿ, “ಅಂತೂ ಇವರೂ ಶುರು ಮಾಡಿದರು” ಎಂದು ಮೊಬೈಲನ್ನು ವಾಪಸು ಕೊಡುತ್ತಾರೆ.

ಬೈಯುವುದೇನೂ ಕಷ್ಟವಲ್ಲ. ಆದರೆ ಅದಕ್ಕೆ ಮೊದಲು ಆ ಹಬ್ಬ ಯಾವುದು, ನಮ್ಮವರ ಮನೆಯೊಳಕ್ಕೆ ಹೇಗೆ ಬಂತು ಎಂದು ತಿಳಿದುಕೊಳ್ಳಬೇಡವೇ?

1620ರಲ್ಲಿ ಮೇಫ್ಲವರ್ ಎಂಬ ಹಡಗಿನಲ್ಲಿ 102 ಪ್ರಯಾಣಿಕರು ಇಂಗ್ಲೆಂಡಿನಿಂದ ಹೊರಟು ಅಮೆರಿಕದ ಪೂರ್ವ ತೀರಕ್ಕೆ ಬಂದಿಳಿದರು. ಚಳಿಗಾಲ ಮುಗಿಯುವಷ್ಟರಲ್ಲಿ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸತ್ತಿದ್ದರು. ಉಳಿದವರಿಗೆ ಮುಸುಕಿನ ಜೋಳ ಬಿತ್ತುವುದನ್ನು ಕಲಿಸಿದವನು ಟಿಸ್ಕ್ವಾಂಟಮ್ ಎಂಬ ಅಲ್ಲಿನ ಮೂಲನಿವಾಸಿ. 1621ರ ಸುಗ್ಗಿಯಲ್ಲಿ ಪ್ಲಿಮತ್ ಎಂಬ ಆ ಪುಟ್ಟ ವಸಾಹತಿನಲ್ಲಿ ಮೂರು ದಿನ ಊಟ ನಡೆಯಿತು. ವಾಂಪನೋಆಗ್ ಜನರ ನಾಯಕ ಮಾಸಸೊಯಿಟ್ ಸುಮಾರು 90 ಮಂದಿಯೊಡನೆ ಬಂದ. ಬರಿಗೈಯಲ್ಲಿ ಉಂಡು ಹೋಗಲಿಲ್ಲ, ಐದು ಜಿಂಕೆಗಳನ್ನು ಬೇಟೆಯಾಡಿ ತಂದುಕೊಟ್ಟರು. ಇದಿಷ್ಟು ಅಲ್ಲಿದ್ದವರೊಬ್ಬರು ಬರೆದ ಕಾಗದದಿಂದ ಗೊತ್ತಿರುವುದು.

ಅದು ಆಗಲೇ ವರ್ಷಾವರ್ಷದ ಹಬ್ಬವಾಗಿಬಿಡಲಿಲ್ಲ. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ಇಡೀ ದೇಶಕ್ಕೆ ಇದೊಂದು ಹಬ್ಬವಾಗಲಿ ಎಂದು ದಶಕಗಳ ಕಾಲ ಬರೆಯುತ್ತಾ ಬಂದರು. ಅಂತರ್ಯುದ್ಧದ ನಡುವೆ, 1863ರಲ್ಲಿ, ಅಬ್ರಹಾಂ ಲಿಂಕನ್ ಘೋಷಣೆ ಹೊರಡಿಸಿದರು. 1939ರಲ್ಲಿ ರೂಸ್‌ವೆಲ್ಟ್ ವ್ಯಾಪಾರಿಗಳ ಮಾತು ಕೇಳಿ, ಕ್ರಿಸ್‌ಮಸ್ ಖರೀದಿಗೆ ಇನ್ನಷ್ಟು ದಿನ ಸಿಗಲೆಂದು, ಹಬ್ಬವನ್ನು ಒಂದು ವಾರ ಹಿಂದಕ್ಕೆ ತಂದರು. ಕೆಲವು ರಾಜ್ಯಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ನಮ್ಮಲ್ಲಿ ಎರಡು ಪಂಚಾಂಗದವರು ಎರಡು ದಿನ ಏಕಾದಶಿ ಮಾಡುವುದನ್ನು ನೋಡಿ ನಗುವವರು ಇದನ್ನು ನೆನಪಿಡಬೇಕು! ಕೊನೆಗೆ 1941ರಲ್ಲಿ ಕಾನೂನೇ ಬಂದು, ನವೆಂಬರಿನ ನಾಲ್ಕನೇ ಗುರುವಾರ ಎಂದು ನಿಗದಿಯಾಯಿತು.

ಕಥೆಯ ಇನ್ನೊಂದು ಅರ್ಧವನ್ನು ಮೇಜಿನ ಬಳಿ ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಮಾಸಸೊಯಿಟ್ ತೀರಿಕೊಂಡ ಮೇಲೆ ಅವನ ಮಗ ಮೆಟಾಕಾಮ್‌ಗೂ ವಸಾಹತಿನವರಿಗೂ ಯುದ್ಧವಾಯಿತು. 1676ರಲ್ಲಿ ಅವನನ್ನು ಕೊಂದು, ತಲೆಯನ್ನು ಅದೇ ಪ್ಲಿಮತ್‌ನಲ್ಲಿ ಕಂಬದ ಮೇಲೆ ಇಟ್ಟರು. ಎರಡೂ ಕಡೆ ಕೂಡಿ ಉಂಡ ಊಟಕ್ಕೆ ಇನ್ನೂ 60 ವರ್ಷವೂ ಆಗಿರಲಿಲ್ಲ. 1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಪ್ಲಿಮತ್‌ನ ದಿಬ್ಬವೊಂದರ ಮೇಲೆ ಸೇರಿ ಅದನ್ನು ಶೋಕದ ದಿನವಾಗಿ ಆಚರಿಸುತ್ತಾರೆ. ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಹಡಗಿನವರ ಟೋಪಿ, ‘ಇಂಡಿಯನ್’ ಗರಿ ತೊಡಿಸಿ ನಾಟಕ ಆಡಿಸುವ ವಾಡಿಕೆಯಿತ್ತು, ಈಗ ಕಡಿಮೆಯಾಗಿದೆ. ನನ್ನ ಅಕ್ಕನ ಮಗಳು ಒಂದನೇ ತರಗತಿಯಲ್ಲಿದ್ದಾಗ ಕಾಗದದ ಗರಿ ಕಟ್ಟಿಕೊಂಡು ಮನೆಗೆ ಬಂದು, “ಅಮ್ಮ, ಕ್ಲಾಸಿನಲ್ಲಿ ನಾನೊಬ್ಬಳೇ ನಿಜವಾದ ಇಂಡಿಯನ್, ಅದಕ್ಕೇ ನನಗೆ ಈ ಪಾರ್ಟು” ಎಂದಿದ್ದಳು. ಕೊಲಂಬಸ್ ದಾರಿ ತಪ್ಪಿದ್ದರ ಫಲವನ್ನು ಐನೂರು ವರ್ಷದ ಮೇಲೆ ಈ ಹುಡುಗಿ ಉಣ್ಣಬೇಕಾಯಿತು.

ಇನ್ನು ನಮ್ಮವರ ವಿಷಯ. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಡಾಕ್ಟರುಗಳು, ಇಂಜಿನಿಯರುಗಳು, ಓದಲು ಹೋದವರು ಹೆಚ್ಚು ಸಂಖ್ಯೆಯಲ್ಲಿ ಅಲ್ಲಿ ನೆಲೆಯಾದರು. ಆ ತಲೆಮಾರಿನ ಯಾರನ್ನು ಕೇಳಿದರೂ ಮೊದಲ ಥ್ಯಾಂಕ್ಸ್‌ಗಿವಿಂಗ್ ಎಂದರೆ ಬೇರೆಯವರ ಮನೆಯದು. ಹಾಸ್ಟೆಲು ಖಾಲಿ, ಊಟದ ಮನೆ ಮುಚ್ಚಿದೆ, ಬೀದಿಯಲ್ಲಿ ನರಪಿಳ್ಳೆಯಿಲ್ಲ. ಒಬ್ಬನೇ ಉಳಿದ ಹುಡುಗನನ್ನು ಪ್ರೊಫೆಸರೋ ಸಹಪಾಠಿಯೋ ಮನೆಗೆ ಕರೆಯುತ್ತಿದ್ದರು. ಸಸ್ಯಾಹಾರಿಯಾದ ಅವನು ಬೇಯಿಸಿದ ಆಲೂಗೆಡ್ಡೆ, ಬ್ರೆಡ್ಡು ತಿಂದು, ಹೊಟ್ಟೆ ತುಂಬಿತೆಂದು ಸುಳ್ಳು ಹೇಳಿ ಬರುತ್ತಿದ್ದ. ಮದುವೆಯಾಗಿ ಸಂಸಾರ ಹೂಡಿದ ಮೇಲೆ ಆ ದಿನ ತಮ್ಮ ಮನೆಗೆ ನಾಲ್ಕಾರು ಕನ್ನಡ ಕುಟುಂಬಗಳನ್ನು ಕರೆಯತೊಡಗಿದ. ಒಬ್ಬರು ಪುಳಿಯೋಗರೆ, ಒಬ್ಬರು ಕೋಸಂಬರಿ, ಒಬ್ಬರು ಮೈಸೂರುಪಾಕು. ಹಕ್ಕಿ ಬಂದದ್ದು ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ.

ಕ್ರಿಸ್‌ಮಸ್‌ಗಿಂತ ಇದು ನಮ್ಮವರಿಗೆ ಹತ್ತಿರವಾಗಲು ಕಾರಣವಿದೆ. ಇಲ್ಲಿ ಪೂಜಿಸಬೇಕಾದ ದೇವರಿಲ್ಲ, ಪುರೋಹಿತರಿಲ್ಲ, ಉಡುಗೊರೆಯ ಹಂಗಿಲ್ಲ. ಬರುವುದು, ಉಣ್ಣುವುದು, ಹರಟುವುದು, ಅಷ್ಟೆ. ಎರಡನೆಯ ಕಾರಣ ಇನ್ನೂ ದೊಡ್ಡದೆಂದು ನನಗೆ ತೋರುತ್ತದೆ. ಅಲ್ಲಿ ನಮ್ಮ ಹಬ್ಬಗಳಿಗೆ ತಿಥಿಯುಂಟು, ರಜೆಯಿಲ್ಲ. ಯುಗಾದಿ ಮಂಗಳವಾರ ಬಂದರೆ ಬೇವುಬೆಲ್ಲ ಬಾಯಿಗೆ ಹಾಕಿಕೊಂಡು ಆಫೀಸಿಗೆ ಓಡಬೇಕು, ಒಬ್ಬಟ್ಟಿಗೆ ಶನಿವಾರದವರೆಗೆ ಕಾಯಬೇಕು. ಈಚೆಗೆ ಕೆಲವೆಡೆ ದೀಪಾವಳಿಗೆ ಶಾಲೆ ಮುಚ್ಚುತ್ತಾರೆ, ನ್ಯೂಯಾರ್ಕ್ ನಗರದ ಸರಕಾರಿ ಶಾಲೆಗಳು 2024ರಲ್ಲಿ ಮೊದಲ ಸಲ ಮುಚ್ಚಿದವು. ಆದರೆ ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿ ಸದ್ದು, ದೂರದ ಕಾಲೇಜಿನಿಂದ ಮಕ್ಕಳು ಮನೆಗೆ, ಅಪ್ಪ ಲುಂಗಿಯಲ್ಲಿ, ಊರಿಗೆ ಊರೇ ಸುಮ್ಮನಿರುವುದು, ಇವೆಲ್ಲ ಸೇರಿ ಹಬ್ಬದ ವಾತಾವರಣ ಎನ್ನುತ್ತೇವಲ್ಲ, ಅದು ಅಲ್ಲಿ ಸಿಗುವುದು ಈ ಗುರುವಾರವೇ. ಮರುದಿನ ಶುಕ್ರವಾರವೂ ಬಹಳ ಮಂದಿಗೆ ರಜೆ. ಒಟ್ಟು ನಾಲ್ಕು ದಿನ.

ಆ ಹಕ್ಕಿಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಇಂಗ್ಲಿಷಿನವರು ಅದನ್ನು ಟರ್ಕಿ ಎನ್ನುತ್ತಾರೆ. ಟರ್ಕಿಯವರು ಅದನ್ನು ‘ಹಿಂದಿ’ ಎನ್ನುತ್ತಾರೆ, ಅಂದರೆ ಹಿಂದೂಸ್ಥಾನದ್ದು! ಫ್ರೆಂಚರ ‘ದಿಂದ್’ ಎಂದರೂ ಇಂಡಿಯಾದ್ದು ಎಂದೇ ಅರ್ಥ. ಪೋರ್ಚುಗೀಸರು ಅದಕ್ಕೆ ‘ಪೆರು’ ಎಂದು ಹೆಸರಿಟ್ಟರು. ಮುಂಬಯಿಯ ಹಣ್ಣಿನ ಗಾಡಿಯಲ್ಲಿ ಪೇರು ಕೇಳಿದರೆ ಸೀಬೆಹಣ್ಣು ಕೊಡುತ್ತಾರೆ. ನಿಜ ಹೇಳಬೇಕೆಂದರೆ ಹಕ್ಕಿಯೂ ಹಣ್ಣೂ ಎರಡೂ ಅಮೆರಿಕ ಖಂಡದವೇ. ಜಹಾಂಗೀರ್ ಬಾದಶಹನ ಆಸ್ಥಾನಕ್ಕೆ 1612ರಲ್ಲಿ ಗೋವೆಯಿಂದ ಈ ಹಕ್ಕಿ ಬಂದಾಗ ಅವನು ಬೆರಗಾಗಿ, ಚಿತ್ರಕಾರ ಮನ್ಸೂರನಿಂದ ಅದರ ಚಿತ್ರ ಬರೆಸಿದ. ಪ್ಲಿಮತ್ ಊಟಕ್ಕೆ ಒಂಬತ್ತು ವರ್ಷ ಮೊದಲೇ ಟರ್ಕಿ ಕೋಳಿ ನಮ್ಮ ದೇಶ ನೋಡಿತ್ತು. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಟೊಮೆಟೊ, ಆಲೂಗೆಡ್ಡೆ, ಕಡಲೇಕಾಯಿಯೂ ಅಲ್ಲಿಂದಲೇ ಬಂದವು. ಇಂದಿಗೂ ಕೆಲವು ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಆಲೂಗೆಡ್ಡೆ, ಟೊಮೆಟೊ ಸೇರಿಸುವುದಿಲ್ಲ.

ಈಗ 2023ರ ಸಂಗತಿ. ಆ ವರ್ಷ ನಾನು ನ್ಯೂಜೆರ್ಸಿಯಲ್ಲಿರುವ ಅಕ್ಕನ ಮನೆಯಲ್ಲಿದ್ದೆ. ಭಾವನ ತಾಯಿ ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು, ಮಡಿ, ವ್ರತ, ನಿಯಮ ಎಲ್ಲವೂ ಉಳ್ಳವರು. ಥ್ಯಾಂಕ್ಸ್‌ಗಿವಿಂಗ್ ಬಿದ್ದದ್ದು ನವೆಂಬರ್ 23ಕ್ಕೆ. ಪಂಚಾಂಗ ತೆರೆದರೆ ಅಂದೇ ಕಾರ್ತಿಕ ಶುದ್ಧ ಏಕಾದಶಿ, ಮರುದಿನ ಉತ್ಥಾನ ದ್ವಾದಶಿ. ಅಂದರೆ ಅಮೆರಿಕವೆಲ್ಲ ಹೊಟ್ಟೆ ಬಿರಿಯೆ ಉಣ್ಣುವ ದಿನ ಅಜ್ಜಿಗೆ ನಿರಾಹಾರ. ಅದಕ್ಕೂ ಹಿಂದೆ ಒಂದು ತಿಂಗಳಿಂದ ಅವರದು ದ್ವಿದಳ ವ್ರತ, ಬೇಳೆಕಾಳು ಮುಟ್ಟುವಂತಿಲ್ಲ.

ಅಕ್ಕನ ಮಗನಿಗೆ ಆಗ ಹದಿನಾರು. ಹಿಂದಿನ ಮೂರು ವರ್ಷ ಅವನೂ ಭಾವನೂ ಸೇರಿ ಅಲ್ಯೂಮಿನಿಯಂ ತಟ್ಟೆಯಲ್ಲಿಟ್ಟು ಹಕ್ಕಿ ಬೇಯಿಸಿದ್ದರು, ಅಕ್ಕ ಅತ್ತ ತಲೆ ಹಾಕುತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಏಳು ಕಿಲೋದ ಹೆಪ್ಪುಗಟ್ಟಿದ ಹಕ್ಕಿಯನ್ನು ಕರಗಿಸಲು ಫ್ರಿಜ್ಜಿನಲ್ಲಿ ಮೂರು ದಿನ ಇಡಬೇಕು, ಒಲೆಯಲ್ಲಿ ಮೂರ್ನಾಲ್ಕು ಗಂಟೆ ಬೇಯಬೇಕು. ಅಜ್ಜಿಯ ಹಾಲು ಮೊಸರು ಇರುವ ಫ್ರಿಜ್ಜಿನಲ್ಲಿ, ಅದೂ ಏಕಾದಶಿಗೆ! ಅಕ್ಕ ಸೋಮವಾರವೇ ಹೇಳಿಬಿಟ್ಟಳು, “ಈ ವರ್ಷ ಬೇಡ.”

ಹುಡುಗ ಕೂಗಾಡಲಿಲ್ಲ. ಕನ್ನಡದಲ್ಲೇ ಕೇಳಿದ, ಅದೇ ಹೆಚ್ಚು ಚುಚ್ಚಿತು. “ಎಲ್ಲಾ ಹಬ್ಬಾನೂ ನೀವು ಪಂಚಾಂಗ ನೋಡಿ ಹೇಳ್ತೀರಿ, ನಾನು ಬಂದು ಕೂತ್ಕೋತೀನಿ. ಹಾಗಾದ್ರೆ ಈ ಮನೇಲಿ ನನ್ನ ಹಬ್ಬ ಯಾವುದು?”

ಅಕ್ಕನೂ ಭಾವನೂ ಮುಖ ಮುಖ ನೋಡಿಕೊಂಡರು. ನಾನು ಪೇಪರಿನಲ್ಲಿ ಮುಖ ಹುದುಗಿಸಿದೆ, ಸೋದರಮಾವನಾದವನು ಇಂಥ ಹೊತ್ತಿನಲ್ಲಿ ಇನ್ನೇನು ಮಾಡಬೇಕು? ಮಾತಾಡಿದವರು ಅಜ್ಜಿ. “ನೀವು ವರ್ಷಾ ಫೋಟೋ ಕಳಸ್ತೀರಿ, ನಾ ನೋಡಂಗಿಲ್ಲೇನು? ಹಕ್ಕಿ ಬೇಯಿಸೋದು ನನಗ ಗೊತ್ತಿಲ್ಲೇನು?” ಎಂದರು. ಎಲ್ಲರಿಗೂ ಕೈಕಾಲು ತಣ್ಣಗಾಯಿತು. ಆಮೇಲೆ ಮೊಮ್ಮಗನ ಕಡೆ ತಿರುಗಿ, “ನಾ ಇರೋ ಮನಿಯಾಗ ಆಗೂದಿಲ್ಲಪಾ, ನನ್ನ ಕಡಿಂದ ಆಗೂದಿಲ್ಲ. ಆದ್ರ ನಾ ಉಪವಾಸ ಇದ್ರ ನೀ ಯಾಕ ಉಪವಾಸ ಇರಬೇಕು? ನಿನ್ನ ಗೆಳ್ಯಾರ ಮನಿಗೆ ಹೋಗಿ ಉಣ್ಣು. ಶುಕ್ರವಾರ ನನ್ನ ಜೋಡಿ ಉಣ್ಣು” ಎಂದರು. ನೇರವಾದ ಮಾತು. ಇಲ್ಲ ಎಂಬುದನ್ನೂ ಹೇಳಿದರು, ಹೌದು ಎಂಬುದನ್ನೂ ಹೇಳಿದರು. ನಮ್ಮ ತಲೆಮಾರಿನವರಾದರೆ ಎರಡನ್ನೂ ಹೇಳದೆ ಮೂರು ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದೆವು.

ಗುರುವಾರ ಸಂಜೆ ಹುಡುಗ ಪಕ್ಕದ ಬೀದಿಯ ಮಂಗಳೂರಿನವರ ಮನೆಗೆ ಹೋದ. ಅಲ್ಲಿ ಹಕ್ಕಿಗೆ ಬ್ಯಾಡಗಿ ಮೆಣಸಿನ ಮಸಾಲೆ ಹಚ್ಚಿದ್ದರಂತೆ. ಇತ್ತ ಕಾಲೇಜಿನಿಂದ ಬಂದ ಮಗಳು ಅಜ್ಜಿಯ ಪಕ್ಕ ಕೂತು ತರಕಾರಿ ಹೆಚ್ಚಿದಳು. ದ್ವಾದಶಿಯ ಊಟ ನಿಮಗೆ ಗೊತ್ತಿರಬೇಕು, ತಿಥಿ ಮುಗಿಯುವುದರೊಳಗೆ ಪಾರಣೆಯಾಗಬೇಕು. ಅಲ್ಲಿನ ಲೆಕ್ಕದಲ್ಲಿ ಅಂದು ದ್ವಾದಶಿ ಬೆಳಿಗ್ಗೆಯೇ ಮುಗಿಯುತ್ತಿತ್ತು. ಹಾಗಾಗಿ ಶುಕ್ರವಾರ ಮುಂಜಾನೆ ಏಳು ಗಂಟೆಗೆ, ಇಡೀ ದೇಶ ಅಂಗಡಿಗಳ ರಿಯಾಯಿತಿ ಮಾರಾಟಕ್ಕೆ ಓಡುವ ಹೊತ್ತಿನಲ್ಲಿ, ನಮ್ಮ ಅಕ್ಕನ ಮನೆಯಲ್ಲಿ ಪೂರ್ತಿ ಹಬ್ಬದೂಟ ಸಿದ್ಧ! ಚಳಿಗೆಂದು ಒಳಗೆ ತಂದಿಟ್ಟ ತುಳಸಿ ಕುಂಡಕ್ಕೆ ಪೂಜೆ, ನೆಲ್ಲಿ ಕೊಂಬೆ ಸಿಗದೆ ಫ್ರೀಜರಿನ ನೆಲ್ಲಿಕಾಯಿ. ಅವರ ಮನೆಯ ಪದ್ಧತಿಯಂತೆ ದ್ವಾದಶಿಗೆ ಹುಣಸೆಹಣ್ಣು ಇಲ್ಲ. ಹುಳಿಗೆ ಏನು ಹಾಕುವುದೆಂದು ಹುಡುಕುವಾಗ ಮೊಮ್ಮಗಳು ಕ್ರ್ಯಾನ್‌ಬೆರಿ ಹಣ್ಣು ತೋರಿಸಿದಳು. ಅಜ್ಜಿ ಒಂದನ್ನು ಹಿಸುಕಿ ಮೂಸಿ ನೋಡಿ, “ಇದು ಹುಣಸಿ ಅಲ್ಲಲಾ, ಹಾಕು” ಎಂದರು. ಸಿಹಿಗುಂಬಳಕಾಯಿ ಹೋಳು, ಒಂದು ತಿಂಗಳಿಂದ ಮುಟ್ಟಿರದ ತೊಗರಿಬೇಳೆ, ಕ್ರ್ಯಾನ್‌ಬೆರಿಯ ಹುಳಿ. ಬಣ್ಣ ಮಾತ್ರ ಬೀಟ್‌ರೂಟ್ ಹಾಕಿದಂತೆ ಆಗಿತ್ತು.

ದ್ವಾದಶಿಗೆ ಮನೆಗೊಬ್ಬ ಅತಿಥಿ ಬೇಕೆಂಬುದು ಅಜ್ಜಿಯ ಇನ್ನೊಂದು ನಿಯಮ. ಯಾರನ್ನು ಕರೆಯುವುದೆಂದರೆ, “ಎದುರುಮನಿ ಮುದುಕಿ ಒಬ್ಬಾಕೀನ ಇರ್ತಾಳ, ಕರೀರಿ” ಎಂದರು. ಭಾಷೆ ಬಾರದಿದ್ದರೂ ಇಬ್ಬರೂ ದಿನಾ ಸಂಜೆ ಜೊತೆಯಲ್ಲಿ ನಡೆಯುತ್ತಿದ್ದರು. ಆಕೆ ಏಳಕ್ಕೆ ಐದು ನಿಮಿಷವಿರುವಾಗಲೇ ಕುಂಬಳದ ಪೈ ಹಿಡಿದುಕೊಂಡು ಬಂದರು. ಅದರಲ್ಲಿ ಮೊಟ್ಟೆಯಿತ್ತು, ಅಜ್ಜಿ ಎರಡೂ ಕೈಯಲ್ಲಿ ತೆಗೆದುಕೊಂಡು ದೂರದ ಮೇಜಿನ ಮೇಲಿಟ್ಟರು.

ಅಲ್ಲಿಯ ಪದ್ಧತಿಯೊಂದಿದೆ, ಊಟಕ್ಕೆ ಮೊದಲು ಪ್ರತಿಯೊಬ್ಬರೂ ತಾವು ಯಾವುದಕ್ಕೆ ಕೃತಜ್ಞರು ಎಂದು ಹೇಳಬೇಕು. ಕನ್ನಡಿಗರಿಗೆ ಇದಕ್ಕಿಂತ ಕಷ್ಟದ ಕೆಲಸ ಮತ್ತೊಂದಿಲ್ಲ. ನಾವು ಬಾಯಿಬಿಟ್ಟು ಧನ್ಯವಾದ ಹೇಳುವುದು ಸಂಘದ ಕಾರ್ಯಕ್ರಮದ ವಂದನಾರ್ಪಣೆಯಲ್ಲಿ, ಅದೂ ಜನ ಚಪ್ಪಲಿ ಹುಡುಕುತ್ತಿರುವಾಗ. ಅಪ್ಪ ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಅವರು ಮೈ ಬಿಸಿಯಾಗಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರೆ. ಅಂದೂ ಹಾಗೆಯೇ ಆಯಿತು. ಮಗಳು ಚೆನ್ನಾಗಿ ಹೇಳಿದಳು. ಭಾವ “ನನ್ನದೂ ಅದೇ” ಎಂದರು. ಹುಡುಗ ಅರೆನಿದ್ದೆಯಲ್ಲಿ ಭುಜ ಕುಣಿಸಿದ. ಅಜ್ಜಿಯ ಸರದಿ ಬಂದಾಗ, “ಮನಿ ಮಂದಿಗೆ ಯಾರರ ಥ್ಯಾಂಕ್ಸ್ ಹೇಳ್ತಾರೇನು?” ಎಂದರು. ಸ್ವಲ್ಪ ತಡೆದು ಎದುರುಮನೆಯಾಕೆಯ ಕಡೆ ಕೈ ತೋರಿಸಿ, “ನನ್ನ ಕಾಲು ಉಳುಕಿದಾಗ ಈಕಿ ತಮ್ಮನಿ ಕುರ್ಚಿ ತಂದು ರಸ್ತ್ಯಾಗ ಹಾಕಿ, ಮಗ ಬರೂತನಕಾ ಬಾಜೂಕ ನಿಂತಿದ್ಲು. ಅದನ್ನ ಇಂಗ್ಲಿಷಿನ್ಯಾಗ ಹೇಳು ಆಕಿಗೆ” ಎಂದು ಮೊಮ್ಮಗನಿಗೆ ಅಪ್ಪಣೆ ಮಾಡಿದರು. ಅವನು ನಿದ್ದೆ ಕೊಡವಿಕೊಂಡು ಹೇಳಿದ. ಆಕೆ ಹುಳಿಯನ್ನು ಎರಡು ಸಲ ಹಾಕಿಸಿಕೊಂಡರು.

ಇದರಿಂದ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾನು ಹೇಳುತ್ತಿಲ್ಲ. ಆ ದಿನದ ಫೋಟೋದಲ್ಲಿ ಅವನ ಮುಖ ಇನ್ನೂ ಅಷ್ಟಕ್ಕಷ್ಟೇ ಇದೆ. ಮರುವರ್ಷ ಹಬ್ಬ ನವೆಂಬರ್ 28ಕ್ಕೆ ಬಂತು, ದ್ವಾದಶಿ ಮುಗಿದು ಎರಡು ವಾರವಾಗಿತ್ತು, ಅಜ್ಜಿ ಧಾರವಾಡದಲ್ಲಿದ್ದರು. ಅವನು ಮತ್ತೆ ಹಕ್ಕಿ ಬೇಯಿಸಿದ.

ಆದರೆ ಆ ಪ್ರಶ್ನೆ ಅವನೊಬ್ಬನದಲ್ಲ. ಮುಂಬಯಿ ಪುಣೆಗಳಲ್ಲಿ ಹುಟ್ಟಿ ಬೆಳೆದ ನೀವು ಇದನ್ನು ಬೇರೆ ಮಾತಿನಲ್ಲಿ ನನಗೇ ಕೇಳಿದ್ದೀರಿ. ಯುಗಾದಿಯೂ ಪಾಡ್ವವೂ ಒಂದೇ ದಿನ ಬರುವುದರಿಂದ ಅಲ್ಲಿ ತೊಂದರೆಯಿಲ್ಲ. ಆದರೆ ಮೈಸೂರು ಕಡೆಯ ಮನೆಯಲ್ಲಿ ಗೌರಿ ಗಣಪತಿಗಿಂತ ಒಂದು ದಿನ ಮೊದಲು ಬರುತ್ತಾಳೆ, ಪಕ್ಕದ ಮರಾಠಿ ಮನೆಯಲ್ಲಿ ಗಣಪತಿ ಕೂತ ಮೇಲೆ ಬರುತ್ತಾಳೆ. ಎರಡೂ ಗೌರಿಯರ ಪ್ರಸಾದ ತಿಂದು ಬೆಳೆದವರು ನೀವು. ದಹಿಹಂಡಿಯ ಪಿರಮಿಡ್ಡಿನಲ್ಲಿ ಮೂರನೇ ಸಾಲಿನಲ್ಲಿ ನಿಂತ ನಮ್ಮ ಹುಡುಗನೊಬ್ಬನನ್ನು ಅವನ ಅಜ್ಜ, “ಇದು ನಮ್ಮ ಪೈಕಿಯದಲ್ಲ” ಎಂದು ಗದರಿಸಿದ್ದನ್ನು ನಾನೇ ಕೇಳಿದ್ದೇನೆ. ಚೆನ್ನೈಯಲ್ಲಿರುವವರಿಗೆ ಪೊಂಗಲ್, ಹೈದರಾಬಾದಿನವರಿಗೆ ಬತುಕಮ್ಮ, ದಿಲ್ಲಿಯವರಿಗೆ ಲೋಹ್ರಿ. ಫೋಟೋ ನೋಡಿ ಗೊಣಗುವ ಹಿರಿಯರು ತಾವು ಬಂದ ಊರಿನಲ್ಲಿ ಏನೇನು ಸೇರಿಸಿಕೊಂಡರು ಎಂದು ಒಮ್ಮೆ ಲೆಕ್ಕ ಹಾಕಬಹುದು.

ನನಗೆ ಒಪ್ಪಿಗೆಯಾಗದ್ದೂ ಒಂದಿದೆ. ಅಂಗಡಿಯಿಂದ ಎಲ್ಲವನ್ನೂ ಡಬ್ಬಿಯಲ್ಲಿ ತಂದು, ಮೇಜು ಅಲಂಕರಿಸಿ, ಫೋಟೋ ತೆಗೆದು, ಆಮೇಲೆ ಅರ್ಧರಾತ್ರಿ ಟೀವಿ ಕೊಳ್ಳಲು ಸಾಲಿನಲ್ಲಿ ನಿಲ್ಲುವ ಮನೆಗಳೂ ಇವೆ. ಅಂಥ ಮನೆಯಲ್ಲಿ ದೀಪಾವಳಿಯೂ ಹಾಗೆಯೇ ನಡೆಯುತ್ತದೆ. ಏಳು ಕಿಲೋದ ಹಕ್ಕಿಯನ್ನು ಮೂರು ದಿನ ಕಾದು ಬೇಯಿಸಿದ ಹುಡುಗನಿಗೂ, ಚಳಿಯಲ್ಲಿ ನಾಲ್ಕಕ್ಕೆ ಎದ್ದು ತಣ್ಣೀರಲ್ಲಿ ಸ್ನಾನ ಮಾಡಿದ ಅವನ ಅಜ್ಜಿಗೂ ಹಬ್ಬವೆಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಈ ನವೆಂಬರಿನಲ್ಲಿ ಅಲ್ಲಿಯವರಿಗೆ ಫೋನು ಮಾಡುವ ಮನಸ್ಸಿದ್ದರೆ ಸಮಯ ನೋಡಿಕೊಳ್ಳಿ. ಚಳಿಗಾಲದಲ್ಲಿ ಅಮೆರಿಕದ ಪೂರ್ವ ತೀರಕ್ಕೂ ನಮಗೂ ಹತ್ತೂವರೆ ಗಂಟೆಯ ಅಂತರ. ಅವರು ಮಧ್ಯಾಹ್ನ ನಾಲ್ಕಕ್ಕೆ ಊಟಕ್ಕೆ ಕೂರುವಾಗ ನಮಗೆ ಶುಕ್ರವಾರ ಬೆಳಗಿನ ಜಾವ ಎರಡೂವರೆ. ಅದರ ಬದಲು ಗುರುವಾರ ಸಂಜೆ ಆರೂವರೆಗೆ ಮಾಡಿ. ಅಲ್ಲಿ ಬೆಳಿಗ್ಗೆ ಎಂಟಾಗಿರುತ್ತದೆ, ಅಡುಗೆ ಆಗತಾನೆ ಶುರುವಾಗಿರುತ್ತದೆ, ಕೈ ಬಿಡುವಿಲ್ಲದೆ ಫೋನನ್ನು ಸ್ಪೀಕರಿಗೆ ಹಾಕಿ ಗೋಡೆಗೆ ಒರಗಿಸಿಡುತ್ತಾರೆ. ಮನೆಯಲ್ಲಿ ಅಜ್ಜಿಯಿದ್ದರೆ ಮೊದಲು ಅವರ ಹತ್ತಿರ ಮಾತಾಡಿ.